ತಿಕ್ಕಿಟ್ಟ ತಂಬಿಗೆಯ ನೆರಳು

ನಾನು ಡ್ರಾಯಿಂಗ್ ಟೀಚರು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತಿನ ನಾಚಿಕೆ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ಮುಂದಿನ ಮಾತೇನೆಂದರೆ, ನನಗೆ ನೆರಳು ಹಾಕಲು ಸರಿಯಾಗಿ ಬರುವುದಿಲ್ಲ. ಗೆರೆ ಬರುತ್ತದೆ. ಬಳ್ಳಿ, ಎಲೆ, ನವಿಲು, ಬಾಗಿಲ ಮುಂದಿನ ರಂಗೋಲಿ ಏನು ಕೇಳಿದರೂ ಕಣ್ಣು ಮುಚ್ಚಿ ಎಳೆದುಕೊಡುತ್ತೇನೆ. ಆದರೆ ಒಂದು ತಂಬಿಗೆಯನ್ನು ಮುಂದಿಟ್ಟು, ಇದರ ಮೇಲೆ ಬೆಳಕು ಎಲ್ಲಿದೆ, ನೆರಳು ಎಲ್ಲಿದೆ, ಹಾಕಿ ತೋರಿಸು ಎಂದರೆ ಇಂದಿಗೂ ಪೆನ್ಸಿಲ್ಲು ಚೂಪು ಮಾಡುವ ನೆಪ ಹೂಡುತ್ತೇನೆ. ಕಲಿತದ್ದು ಬಾರದಿದ್ದರೆ ಕಲಿಸಿದವರನ್ನು ಬಯ್ಯುವುದು ಲೋಕರೂಢಿ. ನಾನು ಕಲಿಸಿದ ಮಾಸ್ತರರನ್ನು ಬಯ್ಯುವುದಿಲ್ಲ, ದೇವರಂಥ ಮನುಷ್ಯ. ತಂಬಿಗೆ ಕೊಟ್ಟವರನ್ನು ಬಯ್ಯುತ್ತೇನೆ. ಅಂದರೆ ನಮ್ಮ ಅತ್ತೆಯವರನ್ನು. ಅವರೆದುರಿಗೆ ಬಯ್ಯುವ ಧೈರ್ಯ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಓದು ಬರುವುದಿಲ್ಲ, ಬರುವುದು ಒಂದೇ ಒಂದು ಹೆಸರು. ಆ ಹೆಸರಿನ ವಿಷಯ ಮುಂದೆ ಬರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ನಾವು ಆಗಲೂ ಸಿಂಧನೂರಿನಲ್ಲೇ ಇದ್ದೆವು. ನಮ್ಮವರಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ತುರ್ವಿಹಾಳದ ಕಡೆಗೋ ಗೊರೇಬಾಳದ ಕಡೆಗೋ ಹೋದರೆ ಸಂಜೆಗೇ ಮನೆ. ಮಗಳು ಎರಡನೇ ತರಗತಿ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ನಾನು ಶಾಲೆಯಲ್ಲಿದ್ದಾಗಲೇ ಡ್ರಾಯಿಂಗಿನ ಲೋಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಆಮೇಲೆ ಮದುವೆ ಆಯಿತು, ಪೆನ್ಸಿಲ್ಲು ಹೋಗಿ ಲಟ್ಟಣಿಗೆ ಬಂತು. ಹೀಗಿರುವಾಗ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ ಜಾಗ ಖಾಲಿಯಾಯಿತು. ಅಲ್ಲಿನ ಹೆಡ್‌ಮೇಡಂ ನನ್ನ ರಂಗೋಲಿ ನೋಡಿ ಮೆಚ್ಚಿದವರು. ಹೈಯರ್ ಪರೀಕ್ಷೆ ಪಾಸು ಮಾಡಿದ ಸರ್ಟಿಫಿಕೇಟು ತಂದುಕೊಡು, ಜೂನ್‌ವರೆಗೆ ಜಾಗ ನಿನಗಾಗಿ ಇಟ್ಟಿರುತ್ತೇನೆ ಎಂದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನನಗಾಗಿ ಯಾರಾದರೂ ಏನಾದರೂ ತೆಗೆದಿಟ್ಟಿದ್ದರೆ ಅದು ಹಿಂದಿನ ದಿನದ ರೊಟ್ಟಿ ಮಾತ್ರ. ಒಂದು ಕೆಲಸವನ್ನೇ ತೆಗೆದಿಟ್ಟಿದ್ದಾರೆಂದು ತಿಳಿದಾಗ ನನಗೆ ಅಳು ಬಂದದ್ದು ನಿಜ. ಆ ಜಾಗ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಸೋಮವಾರದಿಂದ ಶನಿವಾರದವರೆಗೆ ಆರು ಸೀರೆ ಯಾವುದೆಂದು ಆಗಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ.

ಹೈಯರ್ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ವಸ್ತುಚಿತ್ರ. ಎದುರಿಗೆ ಇಟ್ಟದ್ದನ್ನು ಬೆಳಕು ನೆರಳಿನ ಸಮೇತ ಬರೆಯಬೇಕು. ಅದನ್ನು ಕಲಿಸುವವರು ಮಸ್ಕಿಯಲ್ಲಿ ಇದ್ದರು, ಇಮಾಮಸಾಬ್ ಮಾಸ್ತರು. ಶಾಲೆಯಿಂದ ನಿವೃತ್ತರಾಗಿ ಅಂಗಡಿಗಳ ಬೋರ್ಡು ಬರೆದುಕೊಂಡು ಗುಡ್ಡದ ಬುಡದ ಓಣಿಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು, ಡ್ರಾಯಿಂಗ್ ಹಲಗೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ನಾನು ಮಸ್ಕಿಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರು ಅದನ್ನು ರೊಟ್ಟಿ ಬಡಿಯುವ ಹಲಗೆ ಎಂದು ತಿಳಿದು, ಎಲ್ಲಿ ಮಾಡಿಸಿದಿರಿ, ಯಾವ ಕಟ್ಟಿಗೆ ಎಂದು ವಿಚಾರಿಸುತ್ತಿದ್ದರು. ಮೊದಮೊದಲು ತಿದ್ದಿದೆ. ಆಮೇಲೆ ಬೇವಿನ ಕಟ್ಟಿಗೆ ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂರುವುದನ್ನು ಕಲಿತೆ.

ಮಾಸ್ತರ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ತಾಮ್ರದ ಕೊಡ. ಅದನ್ನು ಹನ್ನೆರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮುಟ್ಟಲು ಮಾಸ್ತರು ಬಿಟ್ಟಿರಲಿಲ್ಲ. ಅವರ ಹೆಂಡತಿ ಕೋಣೆ ಗುಡಿಸುವಾಗ ಸ್ಟೂಲಿನ ಸುತ್ತ ಒಂದು ಮೊಳ ಬಿಟ್ಟು ಗುಡಿಸುತ್ತಿದ್ದರು. ಕೊಡದ ಮೇಲೆ ಧೂಳು ಬೂದು ಬಣ್ಣದ ಮಖಮಲ್ಲಿನಂತೆ ಕೂತಿತ್ತು. ಧೂಳಿದ್ದರೆ ನೆರಳು ಮೆತ್ತಗೆ ಬರುತ್ತದೆ, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಕಲಿಯುವವರಿಗೆ ಅದೇ ಸರಿ ಎಂದು ಅವರ ಸಿದ್ಧಾಂತ. ನೆರಳಿನಲ್ಲಿ ಎರಡು ಜಾತಿ, ಒಂದು ವಸ್ತುವಿನ ಮೈಮೇಲೆ ಇರುವ ನೆರಳು, ಇನ್ನೊಂದು ಅದು ನೆಲಕ್ಕೆ ಬೀಳಿಸುವ ನೆರಳು ಎಂದು ಅವರು ಮೊದಲ ದಿನವೇ ಹೇಳಿಕೊಟ್ಟರು. ಪೆನ್ಸಿಲ್ಲು ಒತ್ತಬಾರದು, ಕಣ್ಣು ಅರ್ಧ ಮುಚ್ಚಿ ನೋಡಬೇಕು, ಅವಸರ ಮಾಡಬಾರದು. ಅಲ್ಲಿ ಕೂತಾಗ ನನಗೆ ಎಲ್ಲ ಬರುತ್ತಿತ್ತು. ಉಳಿದ ಆರು ದಿನ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಾ ಎನ್ನುತ್ತಿದ್ದರು. ಅನರ್ಥ ಆಗುತ್ತಿದ್ದದ್ದು ಆ ಆರು ದಿನಗಳಲ್ಲಿ.

ನಮ್ಮದು ಮಣ್ಣಿನ ಮಾಳಿಗೆ ಮನೆ. ನಡುಮನೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬಿಸಿಲಿನ ಒಂದು ದುಂಡನೆಯ ತುಂಡು ಒಳಗೆ ಇಳಿಯುತ್ತಿತ್ತು. ಆ ತುಂಡು ಬೆಳಿಗ್ಗೆ ಗೋಡೆಯ ಮೇಲಿದ್ದು, ಇಳಿದು, ನೆಲದ ಮೇಲೆ ಹರಿದು, ಸಂಜೆಗೆ ಎದುರು ಗೋಡೆ ಹತ್ತುತ್ತಿತ್ತು. ಅತ್ತೆಯವರಿಗೆ ಅದೇ ಗಡಿಯಾರ. ಬಿಸಿಲು ಒರಳಿನ ಹತ್ತಿರ ಬಂತು, ರೊಟ್ಟಿಗೆ ಎಸರಿಡು. ಕಂಬಕ್ಕೆ ಬಂತು, ಮಗಳು ಶಾಲೆಯಿಂದ ಬರುವ ಹೊತ್ತಾಯಿತು. ನಾನು ಒಂಬತ್ತು ಗಂಟೆಗೆ ತಂಬಿಗೆ ಇಟ್ಟುಕೊಂಡು ಕೂತು ಎಡಗಡೆಯ ನೆರಳು ಹಾಕುವಷ್ಟರಲ್ಲಿ ಬಿಸಿಲು ಒರಳಿಗೆ ಬರುತ್ತಿತ್ತು, ಎದ್ದು ಹೋಗುತ್ತಿದ್ದೆ. ಊಟ ಮುಗಿದ ಮೇಲೆ ಮತ್ತೆ, ಸಂಜೆ ಇನ್ನೊಮ್ಮೆ ಕೂತು, ಕಂಡದ್ದನ್ನು ಕಂಡ ಹಾಗೆ ಪ್ರಾಮಾಣಿಕವಾಗಿ ಬರೆಯುತ್ತಿದ್ದೆ. ಭಾನುವಾರ ಹಾಳೆ ನೋಡಿದ ಇಮಾಮಸಾಬ್ ಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೇಳಿದರು.

“ಬೇಟಿ, ನಿಮ್ಮ ಸಿಂಧನೂರಾಗ ದಿನಕ್ಕ ಎಷ್ಟು ಸೂರ್ಯಾ ಹುಟ್ತಾವ?”

ಎಣಿಸಿ ನೋಡಿದರೆ ನನ್ನ ತಂಬಿಗೆಗೆ ಮೂರು ನೆರಳು ಬಿದ್ದಿದ್ದವು. ಅದು ನನ್ನ ತಪ್ಪು, ಒಪ್ಪುತ್ತೇನೆ. ಮರುದಿನದಿಂದ ಊಟವಾದ ಮೇಲೆ ಒಂದೇ ಹೊತ್ತು, ಒಂದೇ ತಾಸು ಎಂದು ಗೊತ್ತು ಮಾಡಿಕೊಂಡೆ. ಮನೆಯಲ್ಲಿ ಕರೆಂಟು ಇತ್ತಲ್ಲ, ಬಲ್ಬಿನ ಬೆಳಕಿನಲ್ಲಿ ಬರೆಯಬಹುದಿತ್ತಲ್ಲ ಎಂದು ಕೇಳುವವರು ಆಗ ಸಿಂಧನೂರಿನಲ್ಲಿ ಇರಲಿಲ್ಲ. ಸೂರ್ಯ ಜರುಗಿದರೂ ಹೇಳಿ ಜರುಗುತ್ತಾನೆ. ಕರೆಂಟು ಹೇಳದೆ ಹೋಗುತ್ತಿತ್ತು.

ಆದರೆ ಒಂದು ಬಿಸಿಲನ್ನು ಗೊತ್ತು ಮಾಡಿಕೊಂಡರೆ ಸಾಲದು, ಒಂದು ತಂಬಿಗೆಯನ್ನೂ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಮನೆಯ ತಂಬಿಗೆ ಅತ್ತೆಯವರು ಮದುವೆಯಾಗಿ ಬರುವಾಗ ಬಳಗಾನೂರಿನ ತವರಿಂದ ತಂದದ್ದು. ಹಿತ್ತಾಳೆಯದು, ಹೊಟ್ಟೆ ದುಂಡಗೆ, ಕಂಠ ಸಣ್ಣದು. ನಮ್ಮ ಕಡೆ ಪಾತ್ರೆ ಕೊಟ್ಟವರ ಹೆಸರನ್ನು ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸುವ ಪದ್ಧತಿ. ಇದರ ಹೊಟ್ಟೆಯ ಮೇಲೆ ‘ಅಮರಪ್ಪ, ಬಳಗಾನೂರು’ ಎಂದಿತ್ತು. ಅಮರಪ್ಪ ಅಂದರೆ ಅತ್ತೆಯವರ ತಂದೆ. ಅತ್ತೆಯವರಿಗೆ ಓದಲು ಬರುವ ಹೆಸರು ಅದೊಂದೇ. ಅದನ್ನು ಅವರು ದಿನಾ ತಿಕ್ಕುತ್ತಿದ್ದರು. ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಗಿರಣಿಯ ಹಿಂದೆ ಸುರಿದ ಭತ್ತದ ಹೊಟ್ಟಿನ ಬೂದಿಗೂ ಬರವಿಲ್ಲ. ಆ ಬೂದಿಗೆ ಚೂರು ಹುಣಸೆಹಣ್ಣು ಸೇರಿಸಿ ತಿಕ್ಕಿದರೆ ಹಿತ್ತಾಳೆ ಎನ್ನುವುದು ಬಂಗಾರಕ್ಕೂ ನಾಚಿಕೆ ತರಿಸುತ್ತದೆ. ಓಣಿಯಲ್ಲಿ ಯಾರ ಮನೆಯ ಸೊಸೆ ಹೇಗೆ ಎನ್ನುವುದನ್ನು ಅತ್ತೆಯವರು ಆ ಮನೆಯ ತಂಬಿಗೆ ನೋಡಿ ಹೇಳುತ್ತಿದ್ದರು.

ಇಂಥವರ ಮುಂದೆ ಕೂತು ನಾನು ಆ ತಂಬಿಗೆಯ ಚಿತ್ರದ ಮೇಲೆ ನಾಲ್ಕು ಬಿ ಎನ್ನುವ ದಟ್ಟ ಪೆನ್ಸಿಲ್ಲಿನಿಂದ ಕಪ್ಪು ಹಚ್ಚತೊಡಗಿದೆ. ಅತ್ತೆಯವರು ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಬಂದು ಬೆನ್ನ ಹಿಂದೆ ನಿಂತರು. ನಿಂತದ್ದು ನನಗೆ ಹೇಗೆ ಗೊತ್ತಾಯಿತೆಂದರೆ, ತಂಬಿಗೆಯ ಹೊಟ್ಟೆಯಲ್ಲಿ ನಮ್ಮ ಇಡೀ ಮನೆ ಕಾಣುತ್ತಿತ್ತು. ಬೆಳಕಿಂಡಿ, ಗೂಟಕ್ಕೆ ಹಾಕಿದ ನಮ್ಮವರ ಅಂಗಿ, ಹಲಗೆ ಹಿಡಿದು ಕೂತ ನಾನು, ನನ್ನ ಹಿಂದೆ ಸೊಂಟದ ಮೇಲೆ ಕೈಯಿಟ್ಟ ಅತ್ತೆ. ಇದರಲ್ಲಿ ಬೆಳಕು ಯಾವುದು, ನೆರಳು ಯಾವುದು, ಅಂಗಿ ಯಾವುದು ಎಂದು ಹುಡುಕುತ್ತಿರುವಾಗ ಅವರು ಮಾತು ತೆಗೆದರು.

“ಏನವ್ವಾ, ತಿಕ್ಕಿ ಬೆಳ್ಳಗ ಇಟ್ಟ ತಂಬಿಗಿಗಿ ಮಸಿ ಬಳಿಯಾಕತ್ತೀಯಲ್ಲ. ಪರೀಕ್ಷಾದಾಗ ನೋಡಿದ ಮಂದಿ ಏನಂದಾರು? ಈಕಿ ಮನ್ಯಾಗ ಭಾಂಡಿ ತಿಕ್ಕೂದಿಲ್ಲ ಅಂದಾರು.”

ನಾನು ಪೆನ್ಸಿಲ್ಲು ಕೆಳಗಿಟ್ಟು ಸಮಾಧಾನದಿಂದ ತಿಳಿಹೇಳಿದೆ. ಇದು ಮಸಿಯಲ್ಲ, ನೆರಳು. ನೆರಳು ಹಾಕದಿದ್ದರೆ ತಂಬಿಗೆ ದುಂಡಗೆ ಕಾಣುವುದಿಲ್ಲ, ತಟ್ಟೆಯ ಹಾಗೆ ಚಪ್ಪಟೆ ಕಾಣುತ್ತದೆ. ಅವರು ಎಲ್ಲ ಕೇಳಿಸಿಕೊಂಡು ಹೂಂ ಎಂದರು. ಮರುದಿನ ತಂಬಿಗೆಯನ್ನು ಎರಡು ಸಲ ತಿಕ್ಕಿದರು. ಕಪ್ಪು ಕಾಣುವುದು ತಮ್ಮ ತಿಕ್ಕುವಿಕೆಯ ಕೊರತೆ ಎಂದು ಅವರು ತೀರ್ಮಾನಿಸಿದ್ದರು. ಈಗ ತಂಬಿಗೆಯ ಹೊಟ್ಟೆಯಲ್ಲಿ ಗೂಟದ ಅಂಗಿಯ ಗುಂಡಿಗಳೂ ಕಾಣತೊಡಗಿದವು.

ಸರಿ, ತಂಬಿಗೆ ಬಿಟ್ಟು ಬೇರೆ ಏನಾದರೂ ಬರೆಯೋಣ ಎಂದುಕೊಂಡೆ. ಎರಡು ಬದನೆಕಾಯಿ ಇಟ್ಟುಕೊಂಡೆ, ಅವುಗಳ ಮೈಮೇಲಿನ ಬೆಳಕು ನೋಡಲು ಚೆನ್ನ. ಮೊದಲ ದಿನ ಬಾಹ್ಯರೇಖೆ ಮುಗಿಸಿ ಗೋಡೆಯ ಮಾಡದಲ್ಲಿ ಇಟ್ಟಿದ್ದೆ. ಎರಡನೇ ದಿನ ನೋಡಿದರೆ ಮಾಡ ಖಾಲಿ, ನಮ್ಮವರ ಬುತ್ತಿಯಲ್ಲಿ ಎಣ್ಣೆಗಾಯಿ. ಸಂಜೆ ಅವರು ಬಂದು, ಇವತ್ತಿನ ಪಲ್ಯ ಭಾರಿ ಇತ್ತು ಎಂದರು. ನಾನು ಗೋಧಿ ಹಿಟ್ಟಿನ ಉಂಡೆ, ಇಟ್ಟಂಗಿ, ಹಾರೆ ಎಂದು ಏನೇನೋ ಪ್ರಯತ್ನಿಸಿ, ಕೊನೆಗೆ ಪರೀಕ್ಷೆಯಲ್ಲಿ ಹೆಚ್ಚಾಗಿ ಪಾತ್ರೆಯನ್ನೇ ಇಡುತ್ತಾರೆ ಎಂದು ಮಾಸ್ತರು ಹೇಳಿದ್ದರಿಂದ ಮತ್ತೆ ತಂಬಿಗೆಗೇ ಬಂದೆ.

ಆಗ ಶುರುವಾಯಿತು ನೋಡಿ ತಿರುವುವ ಕಾಟ. ಬಿಸಿಲು ಕಂಬದ ಕಡೆಯಿಂದ ಬೀಳುವಾಗ ತಂಬಿಗೆಯ ಹೆಸರಿದ್ದ ಮಗ್ಗುಲು ನೆರಳಿಗೆ ಬರುವಂತೆ ಇಟ್ಟುಕೊಂಡಿದ್ದೆ. ಅಕ್ಷರ ಬರೆಯುವ ಕಷ್ಟ ತಪ್ಪಲಿ ಎಂದಷ್ಟೇ ನನ್ನ ಲೆಕ್ಕ. ನೀರು ಕುಡಿಯಲು ಎದ್ದು ಹೋಗಿ ಬಂದರೆ ಹೆಸರು ಬೆಳಕಿಗೆ ಬಂದಿರುತ್ತಿತ್ತು. ತಿರುಗಿಸಿ ಇಟ್ಟು ಕೂರುತ್ತಿದ್ದೆ. ಬಾಗಿಲಿಗೆ ಯಾರೋ ಬಂದರೆಂದು ಹೋಗಿ ಬರುವಷ್ಟರಲ್ಲಿ ಮತ್ತೆ ಹೆಸರು ಬೆಳಕಿಗೆ. ತಂಬಿಗೆಗೆ ಒಂದು ಕಡೆ ಸಣ್ಣ ನೆಗ್ಗು ಇತ್ತು. ತಿರುಗಿದಾಗೆಲ್ಲ ಆ ನೆಗ್ಗು ಜಾಗ ಬದಲಿಸಿ, ನಾನು ಹಾಕಿದ ನೆರಳೆಲ್ಲ ಸುಳ್ಳಾಗುತ್ತಿತ್ತು. ಅತ್ತೆಯವರು ಮಾತ್ರ ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಏನೂ ಅರಿಯದವರಂತೆ ಕೂತಿರುತ್ತಿದ್ದರು. ನಮ್ಮವರಿಗೆ ದೂರು ಹೇಳಿದೆ. ಅವರು ಇಬ್ಬರ ನಡುವೆ ಬೀಳುವ ಮನುಷ್ಯರಲ್ಲ. ನೀ ತಂಬಿಗಿ ಬಿಟ್ಟು ಹಿಂದಿನ ಗ್ವಾಡಿ ಬರಿ, ಅದನ್ಯಾರೂ ತಿರುವೂದಿಲ್ಲ ಎಂದು ಸಲಹೆ ಕೊಟ್ಟು ಮಲಗಿದರು.

ಪರೀಕ್ಷೆಗೆ ಹತ್ತು ದಿನ ಉಳಿದಿದ್ದಾಗ ನನ್ನ ತಾಳ್ಮೆ ಮುಗಿಯಿತು. ಅವತ್ತು ನೆರಳು ಅದು ಹೇಗೋ ಚೆನ್ನಾಗಿ ಕೂತಿತ್ತು. ಶಾಲೆಯಿಂದ ಬಂದ ಮಗಳಿಗೆ ಜಡೆ ಹಾಕಿ ಬಂದು ನೋಡಿದರೆ ಅಮರಪ್ಪನವರು ನನ್ನ ಕಡೆ ಮುಖ ಮಾಡಿ ಹೊಳೆಯುತ್ತಿದ್ದರು. ನಾನು ಸಿಟ್ಟಿನಿಂದ ಹಲಗೆಯನ್ನು ನೆಲಕ್ಕೆ ಬಡಿದೆ. ನಿಮಗೆ ನಾನು ಪಾಸಾಗುವುದು ಬೇಡವಾಗಿದ್ದರೆ ಬಾಯಿ ಬಿಟ್ಟು ಹೇಳಿಬಿಡಿ, ಹೀಗೆ ಕಳ್ಳತನದಿಂದ ತಿರುವಬೇಡಿ, ಜೂನ್ ಕಳೆದರೆ ಆ ಜಾಗ ಹೋಗುತ್ತದೆ ಎಂದು ಒದರಿದೆ. ಅತ್ತೆಯವರ ಎದುರಿಗೆ ನಾನು ಒದರಿದ್ದು ಅದೇ ಮೊದಲು. ಅವರು ಮೊರ ಕೆಳಗಿಟ್ಟರು. ಜಗಳಕ್ಕೆ ಬರುತ್ತಾರೆಂದು ನಾನು ಸೆರಗು ಬಿಗಿದೆ. ಬರಲಿಲ್ಲ. ಸಣ್ಣ ದನಿಯಲ್ಲಿ ಹೇಳಿದರು.

“ನೀ ಪಾಸಾಗೂದು ಬ್ಯಾಡ ಅನ್ನಾಕ ನನಗೇನು ಹುಚ್ಚವ್ವಾ? ನಮ್ಮಪ್ಪನ ಹೆಸರಿನ ಮ್ಯಾಲ ಕತ್ತಲಿ ಹಾಕ್ತೀಯಲ್ಲ, ಅದಕ್ಕ ತಿರುವಿದೆ. ಅಂವನ ಫೋಟೊ ಇಲ್ಲ, ಏನಿಲ್ಲ. ಇರೂದು ಅದೊಂದ.”

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಇಡಲು ಜಾಗವೂ ಸಿಗಲಿಲ್ಲ. ಉಳಿದ ಹತ್ತು ದಿನ ಹೆಸರನ್ನು ಬೆಳಕಿಗೇ ಇಟ್ಟುಕೊಂಡು, ಒಂದೊಂದು ಚುಕ್ಕೆಯನ್ನೂ ಎಣಿಸಿ ಬರೆದೆ. ಮಾಸ್ತರು ಅದನ್ನು ನೋಡಿ, ತಂಬಿಗೆ ಬರಿ ಅಂದರೆ ನೀ ಬೋರ್ಡು ಬರೆದೀಯಲ್ಲ, ಆ ಕೆಲಸಕ್ಕೆ ನಾನಿಲ್ಲವೇ ಎಂದರು.

ಪರೀಕ್ಷೆ ಲಿಂಗಸುಗೂರಿನಲ್ಲಿ. ಮೊದಲ ಬಸ್ಸಿಗೆ ಹೋದೆ. ಶಾಲೆಯ ದೊಡ್ಡ ಕೋಣೆ, ನಡುವೆ ಒಂದು ಮೇಜು, ಸುತ್ತ ಇಪ್ಪತ್ತೈದು ಮೂವತ್ತು ಮಂದಿ. ಹೆಚ್ಚಿನವರು ಮೀಸೆ ಮೂಡುತ್ತಿದ್ದ ಹುಡುಗರು. ಸೀರೆ ಉಟ್ಟವಳು ನಾನೊಬ್ಬಳು. ಮೇಜಿನ ಮೇಲೆ ಒಂದು ಹಿತ್ತಾಳೆ ತಂಬಿಗೆ, ಒಂದು ಇಟ್ಟಂಗಿ, ಎರಡು ಈರುಳ್ಳಿ. ತಂಬಿಗೆ ನೋಡಿ ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಅದು ಯಾವ ಕಾಲದಿಂದಲೋ ಶಾಲೆಯ ಅಲಮಾರಿಯಲ್ಲಿ ಬಿದ್ದದ್ದು. ಕಂದು ಹಿಡಿದು, ಧೂಳು ಮೆತ್ತಿ, ಕಂಠದ ಕೆಳಗೆ ಹಸಿರು ಕಿಲುಬು ಬೆಳೆದಿತ್ತು. ಮಾಸ್ತರ ಕೊಡದ ಸ್ವಂತ ತಂಗಿಯಂತಿತ್ತು. ಎಡಗಡೆ ಕಿಟಕಿ, ಒಂದೇ ಬೆಳಕು, ತಿರುವಲು ಅತ್ತೆಯವರಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದೆ. ನೆರಳು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂದು ಅಂಗೈಯಲ್ಲಿ ಬರೆದಿಟ್ಟಷ್ಟು ಸ್ಪಷ್ಟವಾಗಿ ಕಂಡಿತು. ಅರ್ಧ ತಾಸಿನಲ್ಲಿ ಬಾಹ್ಯರೇಖೆ ಮುಗಿಸಿ ಪೆನ್ಸಿಲ್ಲು ಬದಲಿಸಿದೆ. ಶಾಲೆಯ ಜಾಗ, ಆರು ಸೀರೆ, ಎಲ್ಲ ಕಣ್ಣ ಮುಂದೆ ಬಂದವು.

ಮುಂದಿನದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ, ಯಾಕೆ ಹಾಗೆ ಮಾಡಿದೆ ಎನ್ನುವುದು ಮಾತ್ರ ಇಂದಿಗೂ ಹೊಳೆದಿಲ್ಲ. ಆ ಕಿಲುಬು ಕಣ್ಣಿಗೆ ಚುಚ್ಚುತ್ತಿತ್ತು. ಇಷ್ಟು ಜನರ ಮುಂದೆ ಇಡುವ ತಂಬಿಗೆಯನ್ನು ಒಂದು ಕೈ ತಿಕ್ಕಬಾರದೇ ಎನಿಸಿತು. ಎನಿಸಿದ್ದಷ್ಟೇ ನನಗೆ ನೆನಪು. ಆಮೇಲೆ ನೋಡಿದರೆ ನಾನು ಮೇಜಿನ ಹತ್ತಿರ ನಿಂತಿದ್ದೆ, ನನ್ನ ಎಡಗೈಯಲ್ಲಿ ತಂಬಿಗೆ ಇತ್ತು, ಬಲಗೈಯಲ್ಲಿ ಸೆರಗಿನ ತುದಿ ಇತ್ತು, ತಂಬಿಗೆಯ ಹೊಟ್ಟೆ ಅರ್ಧ ಬೆಳ್ಳಗಾಗಿತ್ತು. ಧೂಳಿನ ಕೆಳಗಿಂದ ಚುಕ್ಕೆ ಚುಕ್ಕೆಯಾಗಿ ಒಂದು ಹೆಸರು ಎದ್ದು ಬಂತು. ಅದನ್ನು ಕಿಟಕಿಯ ಕಡೆ ಮುಖ ಮಾಡಿ ಇಟ್ಟೆ. ಆಗ ಕೋಣೆಯಲ್ಲಿ ಗದ್ದಲವಾಯಿತು. ಸರ್, ಇವರು ತಂಬಿಗಿ ತಿರುವ್ಯಾರ ನೋಡ್ರಿ ಎಂದು ಒಬ್ಬ, ನನ್ನ ನೆಳ್ಳೆಲ್ಲ ಹೋತ್ರಿ ಎಂದು ಇನ್ನೊಬ್ಬ. ಮೇಲ್ವಿಚಾರಕರು ಓಡಿಬಂದರು. ವಯಸ್ಸಾದವರು, ಸೌಮ್ಯ ಸ್ವಭಾವದವರು. ನನ್ನ ಕೈಯಲ್ಲಿದ್ದ ಸೆರಗನ್ನೂ ತಂಬಿಗೆಯನ್ನೂ ಒಂದಾದ ಮೇಲೊಂದರಂತೆ ನೋಡಿದರು.

“ಅವ್ವಾರ, ನೀವು ಪರೀಕ್ಷಾ ಬರಿಯಾಕ ಬಂದೀರೋ, ಭಾಂಡಿ ತಿಕ್ಕಾಕ ಬಂದೀರೋ?”

ಅವರು ತಂಬಿಗೆಯನ್ನು ಮೊದಲಿದ್ದಂತೆ ಇಡಲು ಬಹಳ ಹೆಣಗಿದರು. ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬ ಬಲಕ್ಕೆ ಎಂದ. ಹೋದ ಧೂಳನ್ನು ಮಾತ್ರ ಯಾರಿಂದಲೂ ತಂದು ಕೂರಿಸಲಾಗಲಿಲ್ಲ. ಪಾಪ, ಅಷ್ಟೂ ಹುಡುಗರು ರಬ್ಬರು ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದರು. ಅವರ ಜೊತೆ ನಾನೂ ಅಳಿಸಿದೆ. ತಂಬಿಗೆಯ ಹೊಟ್ಟೆಯಲ್ಲಿ ಈಗ ಕಿಟಕಿ, ಇಟ್ಟಂಗಿ, ಮೂವತ್ತು ಸಿಟ್ಟಿನ ಮುಖ ಎಲ್ಲ ಕಾಣತೊಡಗಿದ್ದವು. ಏನೋ ಬರೆದು ಕೊಟ್ಟು ಬಂದೆ. ಬಸ್ಸು ಮಸ್ಕಿಯಲ್ಲಿ ನಿಂತಿತು. ಇಳಿದು ಮಾಸ್ತರಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ, ಹಲಗೆಯ ಹಿಂದೆ ತಲೆ ತಗ್ಗಿಸಿ ಕೂತೆ.

ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಅತ್ತೆಯವರು ನೀರು ತಂದುಕೊಟ್ಟರು, ಅದೇ ತಂಬಿಗೆಯಲ್ಲಿ. ಏನಿಟ್ಟಿದ್ದರು ಎಂದು ಕೇಳಿದರು. ತಂಬಿಗಿ ಎಂದೆ. ಹೆಂಗಿತ್ತು ಎಂದರು. ಹೊಲಸಿತ್ತು ಎಂದೆ.

“ಮತ್ತ ಹಂಗ ಬಿಟ್ಟು ಬಂದೇನು?”

“ಇಲ್ಲರಿ ಅತ್ತಿ. ಒರಸಿ ಬಂದೆ.”

ಅವರು ನನ್ನ ಸೆರಗಿನ ತುದಿಯನ್ನು ಕೈಗೆತ್ತಿಕೊಂಡು ಕಿಲುಬಿನ ಕಲೆ ನೋಡಿದರು. ಯಾರ ಹೆಸರಿತ್ತು ಎಂದು ಕೇಳಿದರು. ಹನುಮವ್ವ ಅಂತ ಇತ್ತು, ಊರು ಸವೆದುಹೋಗಿತ್ತು ಎಂದೆ. ಯಾವ ತಾಯಿ ಯಾವ ಮಗಳಿಗೆ ಕೊಟ್ಟಿದ್ದಳೋ, ಅಲಮಾರಿಯಾಗ ಬಿದ್ದೈತಿ ನೋಡು ಎಂದರು. ಆಮೇಲೆ, ಹೆಸರು ಕಾಣೂಹಂಗ ಇಟ್ಟು ಬಂದಿಯಿಲ್ಲೋ ಎಂದು ಕೇಳಿದರು. ಹೂಂ ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆಯವರು ನನಗೆ ಅವತ್ತು ಬಿಸಿ ರೊಟ್ಟಿ ಬಡಿದು ಬಡಿಸಿದರು. ನಾಚಿಕೆಯಿಂದಲೋ ಖುಷಿಯಿಂದಲೋ, ನಾಲ್ಕು ತಿಂದೆ.

ಫಲಿತಾಂಶ ಮೇ ಕೊನೆಗೆ ಬಂತು. ಪಾಸಾಗಿದ್ದೆ. ಬಳ್ಳಿ ಎಲೆ ಬರೆಯುವ ಡಿಸೈನಿನಲ್ಲಿ ಭರ್ತಿ ಅಂಕ, ವಸ್ತುಚಿತ್ರದಲ್ಲಿ ದಡ ಮುಟ್ಟಿದಷ್ಟು. ಜಾಗ ಸಿಕ್ಕಿತು, ಆರು ಸೀರೆಗೂ ಕೆಲಸ ಸಿಕ್ಕಿತು. ಮುಂದಿನ ಭಾನುವಾರ ಪೇಡೆ ತೆಗೆದುಕೊಂಡು ಮಸ್ಕಿಗೆ ಹೋಗಿ ಲಿಂಗಸುಗೂರಿನ ಕಥೆಯನ್ನೆಲ್ಲ ಮಾಸ್ತರಿಗೆ ಒಪ್ಪಿಸಿಬಿಟ್ಟೆ. ಅವರು ಹಣೆ ಹಣೆ ಬಡಿದುಕೊಂಡು ನಕ್ಕರು. ಇಷ್ಟು ತಿಂಗಳು ನಿಮ್ಮ ಅತ್ತೆಯನ್ನು ಬಯ್ದೀಯಲ್ಲ ಬೇಟಿ, ಅವರ ಪುಣ್ಯ ದೊಡ್ಡದು, ನಿನ್ನಂಥ ಸೊಸೆ ಸಿಕ್ಕಾಳೆ ಎಂದು, ಚಹಾ ಹೇಳಿ ಬರಲು ಒಳಗೆ ಹೋದರು.

ಕೋಣೆಯಲ್ಲಿ ನಾನು ಮತ್ತು ಹನ್ನೆರಡು ವರ್ಷದ ಧೂಳಿನ ಕೊಡ ಇಬ್ಬರೇ ಉಳಿದೆವು. ನಾನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಗೋಡೆ ನೋಡಿದೆ, ಮೇಲೆ ನೋಡಿದೆ. ಒಳಗೆ ಚಹಾದ ಕಪ್ಪು-ಬಸಿಗಳ ಸದ್ದಾಗುತ್ತಿತ್ತು, ಮಾಸ್ತರು ಬರಲು ಇನ್ನೂ ಹೊತ್ತಿತ್ತು. ಆ ಕೊಡದ ಮೇಲೂ ಯಾರದಾದರೂ ಹೆಸರು ಇರಬಹುದಲ್ಲ ಎನಿಸಿತು. ಒಂದೇ ಬೆರಳಗಲ ಒರೆಸಿದೆ, ದೇವರಾಣೆ, ಅದಕ್ಕಿಂತ ಹೆಚ್ಚಿಲ್ಲ. ಹೆಸರೇನೂ ಇರಲಿಲ್ಲ. ತಾಮ್ರ ಮಾತ್ರ ಕೆಂಪಗೆ ಹೊಳೆಯಿತು. ಮಾಸ್ತರು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಬಂದು ಕೂತಿದ್ದೆ. ಆಮೇಲೆ ಅವರಲ್ಲಿ ಕಲಿತ ಹುಡುಗರೆಲ್ಲ ಆ ಕೊಡದ ಹೊಟ್ಟೆಯ ಮೇಲೆ, ಬೆಳಕು ಬರಲು ಸಾಧ್ಯವೇ ಇಲ್ಲದ ಕಡೆ, ಬೆರಳಗಲದ ಒಂದು ಬೆಳಕನ್ನು ನಿಷ್ಠೆಯಿಂದ ಬರೆಯುತ್ತಾರೆ. ಅದು ಎಲ್ಲಿಂದ ಬರುತ್ತದೆ ಎಂದು ಮಾಸ್ತರು ಇನ್ನೂ ಹುಡುಕುತ್ತಿದ್ದಾರಂತೆ.